ಅಂತ್ಯಕಾಲದ ಪ್ರವಾದನೆ ಮತ್ತು ರಾಜಕೀಯ: ಸುವಾರ್ತಾ ಕ್ರೈಸ್ತ ಚಿಂತನೆ

ಯೇಸು ಕ್ರಿಸ್ತನ ಎರಡನೆಯ ಬರೋಣ, ಸತ್ತವರ ಪುನರುತ್ಥಾನ, ಕಡೆಯ ನ್ಯಾಯತೀರ್ಪು, ಹೊಸ ಆಕಾಶ ಮತ್ತು ಹೊಸ ಭೂಮಿ: ಇವುಗಳನ್ನು ಕುರಿತು ಬೈಬಲ್ ಹೇಳುವ ಮಾತುಗಳಿಗೆ ಅಂತ್ಯಕಾಲದ ಪ್ರವಾದನೆ ಎಂದು ಹೆಸರು. ಈ ನಂಬಿಕೆ ಎಲ್ಲ ಕ್ರೈಸ್ತ ಪಂಗಡಗಳಿಗೂ ಸಮಾನ. ಆದರೆ ಬೈಬಲ್ಲೇ ಪರಮ ಪ್ರಮಾಣವೆಂದು ಹಿಡಿದು, ವ್ಯಕ್ತಿಯ ಮನಪರಿವರ್ತನೆಗೂ ಸುವಾರ್ತೆ ಸಾರುವುದಕ್ಕೂ ಮೊದಲ ಸ್ಥಾನ ಕೊಡುವ ಇವ್ಯಾಂಜೆಲಿಕಲ್ ಅಥವಾ ಸುವಾರ್ತಾ ಕ್ರೈಸ್ತರಲ್ಲಿ, ಅದರಲ್ಲೂ ಅಮೆರಿಕದವರಲ್ಲಿ, ಈ ನಂಬಿಕೆ ರಾಜಕೀಯದೊಂದಿಗೆ ಬೆಸೆದುಕೊಂಡಷ್ಟು ಬೇರೆಲ್ಲೂ ಬೆಸೆದುಕೊಂಡಿಲ್ಲ. ಪ್ರವಾದನೆಯ ಮೇಲಿನ ನಂಬಿಕೆಯೇ ಇವರ ರಾಜಕೀಯವನ್ನು ರೂಪಿಸಿತು ಎಂಬುದು ಹೊರಗಿನವರ ಸಾಮಾನ್ಯ ತಿಳಿವಳಿಕೆ. ಒಳಗಿನವರಲ್ಲೂ ಹಲವರು ಹಾಗೆಯೇ ಭಾವಿಸುತ್ತಾರೆ. ಇನ್ನೂರು ವರ್ಷಗಳ ಚರಿತ್ರೆ ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಪ್ರವಾದನೆಯ ಒಂದೇ ವ್ಯಾಖ್ಯಾನವನ್ನು ಹಿಡಿದವರು ಒಂದು ಕಾಲದಲ್ಲಿ ಮತಪೆಟ್ಟಿಗೆಯಿಂದ ದೂರ ನಿಂತರು, ಇನ್ನೊಂದು ಕಾಲದಲ್ಲಿ ಚುನಾವಣೆಗಳನ್ನೇ ಗೆಲ್ಲಿಸಿಕೊಟ್ಟರು. ವ್ಯಾಖ್ಯಾನ ಬದಲಾಗದೆ ರಾಜಕೀಯ ಬದಲಾಗಿದ್ದರೆ, ಆ ಬದಲಾವಣೆಯ ಕಾರಣವನ್ನು ಪ್ರವಾದನೆಯ ಹೊರಗೆ ಹುಡುಕಬೇಕಾಗುತ್ತದೆ.

ಭಿನ್ನಾಭಿಪ್ರಾಯದ ಮೂಲ ಪ್ರಕಟಣೆ ಗ್ರಂಥದ 20ನೆಯ ಅಧ್ಯಾಯದಲ್ಲಿ ಬರುವ ಸಾವಿರ ವರ್ಷಗಳ ಆಳಿಕೆ. 5ನೆಯ ಶತಮಾನದ ಅಗಸ್ಟೀನನು ಅದನ್ನು ಸಾಂಕೇತಿಕವಾಗಿ ಓದಿದ. ಕ್ರಿಸ್ತನ ಆಳಿಕೆ ಸಭೆಯ ಮೂಲಕ ಈಗಾಗಲೇ ನಡೆಯುತ್ತಿದೆ ಎಂದ. 18 ಮತ್ತು 19ನೆಯ ಶತಮಾನಗಳ ಅಮೆರಿಕದ ಪುನರುಜ್ಜೀವನ ಬೋಧಕರಲ್ಲಿ ಪ್ರಮುಖರಾದ ಜೊನಾಥನ್ ಎಡ್ವರ್ಡ್ಸ್, ಚಾರ್ಲ್ಸ್ ಫಿನ್ನಿ ಮುಂತಾದವರು ಸುವಾರ್ತೆಯ ಪ್ರಭಾವದಿಂದ ಲೋಕ ಕ್ರಮೇಣ ಸುಧಾರಿಸಿ, ಆ ಒಳ್ಳೆಯ ಯುಗದ ಕೊನೆಯಲ್ಲಿ ಕ್ರಿಸ್ತನು ಬರುವನೆಂದು ನಂಬಿದ್ದರು. ಗುಲಾಮಗಿರಿಯ ವಿರುದ್ಧ ಫಿನ್ನಿ ದನಿಯೆತ್ತಿದ್ದಕ್ಕೂ ಈ ನಿರೀಕ್ಷೆಗೂ ನಂಟಿತ್ತು. ಲೋಕ ಕೆಡುತ್ತಲೇ ಹೋಗಿ ಕ್ರಿಸ್ತನು ಸಾವಿರ ವರ್ಷಗಳ ಆಳಿಕೆಗೆ ಮೊದಲೇ ಬರುವನೆಂಬುದು ಮೂರನೆಯ ನಿಲುವು. ನ್ಯೂಯಾರ್ಕ್ ರಾಜ್ಯದ ರೈತ, ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು ಬರೋಣ ಸುಮಾರು 1843ರಲ್ಲಿ ಎಂದರು. ಆಮೇಲೆ ಅವರ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಆ ದಿನ ಸುಮ್ಮನೆ ಕಳೆಯಿತು. ‘ಮಹಾ ನಿರಾಶೆ’ ಎಂದು ಚರಿತ್ರೆಯಲ್ಲಿ ಉಳಿದ ಈ ಘಟನೆ ತಾರೀಖು ಹೇಳುವವರನ್ನು ತಡೆಯಲಿಲ್ಲ.

ಇಂದಿನ ಚರ್ಚೆಯನ್ನು ನಿಜವಾಗಿ ರೂಪಿಸಿದ್ದು ಐರ್ಲೆಂಡಿನ ಆಂಗ್ಲಿಕನ್ ಸಭೆಯನ್ನು ತೊರೆದು ಪ್ಲಿಮತ್ ಬ್ರೆದ್ರೆನ್ ಪಂಗಡದ ನಾಯಕರಾದ ಜಾನ್ ನೆಲ್ಸನ್ ಡಾರ್ಬಿ (1800–1882). ದೇವರು ಮನುಷ್ಯರೊಂದಿಗೆ ನಡೆದುಕೊಳ್ಳುವ ರೀತಿಯನ್ನು ಅವರು ಯುಗಗಳಾಗಿ ವಿಂಗಡಿಸಿದರು. ಇಸ್ರೇಲಿಗೆ ಒಂದು ಯೋಜನೆ, ಸಭೆಗೆ ಇನ್ನೊಂದು ಎಂದರು. ಮಹಾ ಸಂಕಟದ ಏಳು ವರ್ಷಗಳಿಗೆ ಮೊದಲೇ ನಿಜವಾದ ವಿಶ್ವಾಸಿಗಳು ಆಕಾಶಕ್ಕೆ ಎತ್ತಲ್ಪಡುವರೆಂಬ ಬೋಧನೆ ಬಲವಾಗಿ ಹರಡಿದ್ದು ಅವರಿಂದಲೇ. ಡಿಸ್ಪೆನ್ಸೇಷನಲಿಸಂ ಎಂಬ ಈ ಪದ್ಧತಿಯನ್ನು ಸಿ. ಐ. ಸ್ಕೊಫೀಲ್ಡ್ ಬೈಬಲ್ ಪುಟಗಳಲ್ಲೇ ಅಡಿಟಿಪ್ಪಣಿಗಳಾಗಿ ಸೇರಿಸಿದರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು 1909ರಲ್ಲಿ ಪ್ರಕಟಿಸಿತು. ದೇವರ ವಾಕ್ಯವೂ ಅದರ ವ್ಯಾಖ್ಯಾನವೂ ಒಂದೇ ಹಾಳೆಯಲ್ಲಿ ಅಚ್ಚಾದಾಗ ಎರಡರ ನಡುವಣ ಗೆರೆ ಓದುಗನ ಕಣ್ಣಿಗೆ ಮಸುಕಾಗುತ್ತದೆ. ಆ ಪುಸ್ತಕದ ಪ್ರಭಾವಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಡಾರ್ಬಿಯ ಕಟ್ಟಾ ಅನುಯಾಯಿಗಳಲ್ಲಿ ಬಹಳ ಮಂದಿ ಮತ ಹಾಕುವುದನ್ನೂ ಲೌಕಿಕವೆಂದು ಬಿಟ್ಟರು. ಷಿಕಾಗೋದ ಸುವಾರ್ತಿಕ ಡಿ. ಎಲ್. ಮೂಡಿ ಈ ಲೋಕವನ್ನು ಒಡೆದ ಹಡಗಿಗೂ ತಮ್ಮ ಕೆಲಸವನ್ನು ಮುಳುಗುವವರನ್ನು ಮೇಲೆತ್ತುವ ದೋಣಿಗೂ ಹೋಲಿಸಿದರು. ಹಾಗೆಂದ ಮೂಡಿಯವರೇ 1879ರಲ್ಲಿ ನಾರ್ತ್‌ಫೀಲ್ಡಿನಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಸಿದ್ಧಾಂತ ಮತ್ತು ನಡತೆಯ ನಡುವಣ ದಾರಿ ಯಾವಾಗಲೂ ನೇರವಾಗಿರುವುದಿಲ್ಲ.

20ನೆಯ ಶತಮಾನದಲ್ಲಿ ಪ್ರವಾದನೆಯನ್ನು ದಿನಪತ್ರಿಕೆಯ ಪಕ್ಕದಲ್ಲಿಟ್ಟು ಓದುವ ರೂಢಿ ಬೆಳೆಯಿತು. 1920–30ರ ದಶಕಗಳಲ್ಲಿ, ರೋಮ್ ಸಾಮ್ರಾಜ್ಯವನ್ನು ಮತ್ತೆ ಕಟ್ಟುವೆನೆಂದ ಮುಸೋಲಿನಿಯೇ ಕ್ರಿಸ್ತವಿರೋಧಿ ಇರಬಹುದೆಂದು ಹಲವು ಬೋಧಕರು ಊಹಿಸಿದರು. ಯೆಹೆಜ್ಕೇಲನ ಗ್ರಂಥದ ಗೋಗನು ರಷ್ಯವೆಂದು ಸ್ಕೊಫೀಲ್ಡ್ ಮೊದಲೇ ಬರೆದಿದ್ದುದರಿಂದ ಶೀತಲ ಸಮರದ ಕಾಲದಲ್ಲಿ ಆ ಓದಿಗೆ ಹೊಸ ಬಲ ಬಂತು. 1970ರಲ್ಲಿ ಹ್ಯಾಲ್ ಲಿಂಡ್ಸೆ, ಕ್ಯಾರೊಲ್ ಕಾರ್ಲ್‌ಸನ್ ಜೊತೆಗೂಡಿ ಬರೆದ ‘ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ಥ್’ ಕೋಟಿಗೂ ಮಿಕ್ಕಿ ಮಾರಾಟವಾಯಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗಿನಿಂದ ಒಂದು ತಲೆಮಾರು, ಅಂದರೆ ಸುಮಾರು 40 ವರ್ಷ, ಎಂಬ ಲೆಕ್ಕವನ್ನು ಅದು ಮುಂದಿಟ್ಟಿತು. ದಾನಿಯೇಲನು ಕಂಡ ಮೃಗದ ಹತ್ತು ಕೊಂಬುಗಳು ಯುರೋಪಿನ ಸಾಮಾನ್ಯ ಮಾರುಕಟ್ಟೆಯತ್ತ ಬೆರಳು ತೋರಿಸುತ್ತವೆ ಎಂದಿತು. 1981ರಲ್ಲಿ ಗ್ರೀಸ್ ಸೇರಿ ಆ ಒಕ್ಕೂಟದ ಸದಸ್ಯರು ಹತ್ತಾದರು. 1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಹನ್ನೆರಡಾದರು. ಆ 40 ವರ್ಷಗಳ ಲೆಕ್ಕ ಮುಗಿಯುವ 1988 ಸುಮ್ಮನೆ ಕಳೆಯಿತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 2011ರ ಮೇ 21ರಂದು ವಿಶ್ವಾಸಿಗಳು ಎತ್ತಲ್ಪಡುವರೆಂದು ರೇಡಿಯೊದಲ್ಲಿ ಸಾರಿದ್ದ ಹ್ಯಾರಲ್ಡ್ ಕ್ಯಾಂಪಿಂಗ್, ಮರುವರ್ಷ ತಾರೀಖು ಹೇಳಿದ್ದು ಪಾಪವೆಂದು ಒಪ್ಪಿಕೊಂಡರು. ಆ ದಿನವನ್ನೂ ಗಳಿಗೆಯನ್ನೂ ತಂದೆಯ ಹೊರತು ಯಾರೂ ಅರಿಯರೆಂದು ಯೇಸುವೇ ಹೇಳಿದ್ದನ್ನು ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯ ದಾಖಲಿಸುತ್ತದೆ. ಅಕ್ಷರಶಃ ಓದಬೇಕೆಂದು ಪಟ್ಟುಹಿಡಿಯುವವರು ಈ ಮಾತನ್ನೂ ಅಕ್ಷರಶಃ ಓದಬೇಕು.

ರಾಜಕೀಯದ ತಿರುವು ಇನ್ನೂ ಸ್ಪಷ್ಟ. ವರ್ಜೀನಿಯದ ಲಿಂಚ್‌ಬರ್ಗ್‌ನ ಬ್ಯಾಪ್ಟಿಸ್ಟ್ ಸಭಾಪಾಲಕ ಜೆರ್ರಿ ಫಾಲ್ವೆಲ್ 1965ರ ಮಾರ್ಚಿನಲ್ಲಿ, ಕರಿಯರ ನಾಗರಿಕ ಹಕ್ಕುಗಳ ಚಳವಳಿ ಕಾವೇರಿದ್ದಾಗ, ಬೋಧಕರ ಕೆಲಸ ಆತ್ಮಗಳನ್ನು ಗಳಿಸುವುದೇ ಹೊರತು ರಾಜಕೀಯವಲ್ಲ ಎಂದು ಪ್ರಸಂಗ ಮಾಡಿದರು. ಅದೇ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಸಂಘಟನೆ ಕಟ್ಟಿ ಮರುವರ್ಷ ರೊನಾಲ್ಡ್ ರೇಗನ್ ಪರವಾಗಿ ಮತದಾರರನ್ನು ಒಗ್ಗೂಡಿಸಿದರು. ಈ ಹದಿನಾಲ್ಕು ವರ್ಷಗಳಲ್ಲಿ ಅಂತ್ಯಕಾಲದ ಬಗ್ಗೆ ಅವರ ಬೋಧನೆ ಬದಲಾಗಲಿಲ್ಲ. ಬದಲಾದದ್ದು ಸುತ್ತಲಿನ ಕಾನೂನು: ಸರ್ಕಾರಿ ಶಾಲೆಗಳು ಪ್ರಾರ್ಥನೆ ನಡೆಸುವುದನ್ನು ಅದಕ್ಕೂ ಮೊದಲೇ, 1962ರಲ್ಲಿ, ಸುಪ್ರೀಂ ಕೋರ್ಟ್ ತಡೆದಿತ್ತು, 1973ರಲ್ಲಿ ಗರ್ಭಪಾತಕ್ಕೆ ಸಾಂವಿಧಾನಿಕ ರಕ್ಷಣೆ ಕೊಟ್ಟಿತು, ವರ್ಣಭೇದ ಮಾಡುವ ಖಾಸಗಿ ಕ್ರೈಸ್ತ ಶಿಕ್ಷಣಸಂಸ್ಥೆಗಳ ತೆರಿಗೆ ವಿನಾಯಿತಿಗೆ 1970ರ ದಶಕದಲ್ಲಿ ಕುತ್ತು ಬಂತು. ಇವುಗಳಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತೆಂದು ಚರಿತ್ರಕಾರರು ವಾದಿಸುತ್ತಲೇ ಇದ್ದಾರೆ. ಯಾವುದನ್ನು ಆರಿಸಿದರೂ ಅದು ದಾನಿಯೇಲನ ಗ್ರಂಥದಿಂದ ಬಂದದ್ದಲ್ಲ. ರೇಗನ್ ಅವರಿಗೆ ಹರ್ಮಗೆದೋನಿನ, ಅಂದರೆ ಅಂತ್ಯಕಾಲದ ಮಹಾಯುದ್ಧದ, ಮಾತುಗಳಲ್ಲಿ ಆಸಕ್ತಿಯಿತ್ತು. 1984ರ ಚುನಾವಣಾ ಚರ್ಚೆಯಲ್ಲಿ ಅದರ ಬಗ್ಗೆ ಪ್ರಶ್ನೆಯೂ ಬಂತು. ಆದರೂ 1987ರಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಜೊತೆ ಮಧ್ಯಮ ವ್ಯಾಪ್ತಿಯ ಅಣ್ವಸ್ತ್ರ ಕ್ಷಿಪಣಿಗಳನ್ನು ತೊಡೆದುಹಾಕುವ ಒಪ್ಪಂದಕ್ಕೆ ಅವರು ಸಹಿ ಹಾಕಿದರು.

ಇದಕ್ಕೆ ಎದುರಾಗಿ ನಿಲ್ಲುವ ಬಲವಾದ ಉದಾಹರಣೆ ಇಸ್ರೇಲಿನದು. ಅಲ್ಲಿ ಪ್ರವಾದನೆ ನಿಜವಾಗಿಯೂ ರಾಜಕೀಯವಾಗಿ ಕೆಲಸ ಮಾಡಿದೆ ಎಂದು ಒಪ್ಪಲೇಬೇಕು. ಷಿಕಾಗೋ ಬಳಿಯ ವ್ಯಾಪಾರಿ ವಿಲಿಯಂ ಬ್ಲ್ಯಾಕ್‌ಸ್ಟೋನ್ 1891ರಲ್ಲಿ, ರಷ್ಯದಲ್ಲಿ ಹಿಂಸೆಗೊಳಗಾಗಿದ್ದ ಯೆಹೂದ್ಯರಿಗೆ ಪ್ಯಾಲೆಸ್ಟೀನನ್ನು ಮರಳಿ ಕೊಡಿಸಬೇಕೆಂದು 413 ಗಣ್ಯರ ಸಹಿಯೊಂದಿಗೆ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರಿಗೆ ಮನವಿ ಸಲ್ಲಿಸಿದರು. ಇದು ಪ್ಯಾಲೆಸ್ಟೀನಿನಲ್ಲಿ ಯೆಹೂದ್ಯರ ನೆಲೆಗೆ ಬ್ರಿಟನ್ ಬೆಂಬಲ ಸಾರಿದ ಬಾಲ್ಫೋರ್ ಘೋಷಣೆಗೆ 26 ವರ್ಷ ಮೊದಲಿನ ಮಾತು. 2018ರ ಮೇ 14ರಂದು ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ತೆರೆದಾಗ ರಾಬರ್ಟ್ ಜೆಫ್ರೆಸ್, ಜಾನ್ ಹೇಗೀ ಎಂಬ ಸಭಾಪಾಲಕರು ಪ್ರಾರ್ಥನೆ ಮಾಡಿದರು. ಅದೇ ದಿನ ಗಾಜಾ ಗಡಿಯಲ್ಲಿ ಸುಮಾರು ಅರವತ್ತು ಪ್ಯಾಲೆಸ್ಟೀನಿಯರು ಗುಂಡಿಗೆ ಬಲಿಯಾದರು. ಅಬ್ರಹಾಮನಿಗೆ ದೇವರು ಕೊಟ್ಟ ಮಾತು ನೆರವೇರುತ್ತಿರುವುದನ್ನು ಕಣ್ಣಾರೆ ಕಾಣುವಾಗ ಬೆಂಬಲಿಸದಿರುವುದು ಹೇಗೆ ಎಂಬುದು ಇವರ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯೆಹೂದ್ಯರ ಮೇಲೆ ಕ್ರೈಸ್ತಜಗತ್ತು ಶತಮಾನಗಳ ಕಾಲ ನಡೆಸಿದ ದೌರ್ಜನ್ಯದ ನಂತರ ಈ ಸ್ನೇಹಕ್ಕೆ ಬೆಲೆಯಿದೆ. ಆದರೆ 1948 ಪ್ರವಾದನೆಯ ನೆರವೇರಿಕೆಯೆಂದೇ ಇಟ್ಟುಕೊಂಡರೂ ಅದರಿಂದ ಒಂದು ಸರ್ಕಾರದ ಪ್ರತಿ ನಡೆಗೂ ಸಮ್ಮತಿ ಸಿಗುವುದಿಲ್ಲ. ಆಮೋಸ, ಯೆಶಾಯ, ಯೆರೆಮೀಯ ಮೊದಲಾದ ಪ್ರವಾದಿಗಳು ಒಡಂಬಡಿಕೆಯನ್ನು ನಂಬಿದವರೇ. ಪರದೇಶಿಯನ್ನು, ಅನಾಥನನ್ನು, ವಿಧವೆಯನ್ನು ತುಳಿದ ಸ್ವಂತ ಅರಸರನ್ನು ಅವರಷ್ಟು ಕಟುವಾಗಿ ಖಂಡಿಸಿದವರಿಲ್ಲ. ಪ್ಯಾಲೆಸ್ಟೀನಿನಲ್ಲೂ ಸುವಾರ್ತಾ ಕ್ರೈಸ್ತರಿದ್ದಾರೆ. 1979ರಲ್ಲಿ ಆರಂಭವಾದ ಬೆತ್ಲೆಹೇಮ್ ಬೈಬಲ್ ಕಾಲೇಜು 2010ರಿಂದ ‘ಕ್ರೈಸ್ಟ್ ಅಟ್ ದ ಚೆಕ್‌ಪಾಯಿಂಟ್’ ಸಮ್ಮೇಳನಗಳ ಮೂಲಕ ಈ ಮಾತನ್ನೇ ತನ್ನ ಅಮೆರಿಕದ ಸಹೋದರರ ಮುಂದಿಡುತ್ತಿದೆ. ಬೈಬಲ್ ಅದೇ, ನಂಬಿಕೆ ಅದೇ. ನಿಂತ ನೆಲ ಮಾತ್ರ ಬೇರೆ.

ಸುಟ್ಟುಹೋಗಲಿರುವ ಲೋಕವನ್ನು ದುರಸ್ತಿ ಮಾಡಿ ಫಲವೇನು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಸುವಾರ್ತಾ ಕ್ರೈಸ್ತರ ಒಳಗಿನಿಂದಲೇ ಬಂತು. 1947ರಲ್ಲಿ ಕಾರ್ಲ್ ಹೆನ್ರಿ ತಮ್ಮವರ ಸಾಮಾಜಿಕ ಮೌನವನ್ನು ಪುಸ್ತಕ ಬರೆದು ಪ್ರಶ್ನಿಸಿದರು. ಫುಲ್ಲರ್ ಸೆಮಿನರಿಯ ಜಾರ್ಜ್ ಲ್ಯಾಡ್, ದೇವರ ರಾಜ್ಯ ಯೇಸುವಿನಲ್ಲಿ ಈಗಾಗಲೇ ಬಂದಿದೆ, ಆದರೆ ಪೂರ್ಣವಾಗಿ ಇನ್ನೂ ಬಂದಿಲ್ಲ ಎಂಬ ನಿಲುವನ್ನು ಪಾಂಡಿತ್ಯದಿಂದ ಸಮರ್ಥಿಸಿದರು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸೇರಿದ ಜಾಗತಿಕ ಸಮ್ಮೇಳನದ ಒಡಂಬಡಿಕೆ, ಇದರ ಕರಡಿನ ಮುಖ್ಯ ಹೊಣೆ ಜಾನ್ ಸ್ಟಾಟ್ ಅವರದು, ಸುವಾರ್ತೆ ಸಾರುವುದೂ ಸಾಮಾಜಿಕ ಹೊಣೆಯೂ ಎರಡೂ ಕ್ರೈಸ್ತ ಕರ್ತವ್ಯವೆಂದಿತು. ಅದೇ ಉಸಿರಿನಲ್ಲಿ, ಮನುಷ್ಯ ಭೂಮಿಯ ಮೇಲೆ ತಾನಾಗಿಯೇ ಆದರ್ಶರಾಜ್ಯ ಕಟ್ಟಬಲ್ಲನೆಂಬ ಅಹಂಕಾರವನ್ನೂ ತಿರಸ್ಕರಿಸಿತು. ಕ್ರಿಸ್ತನ ದಿನ ಬಂದೇ ಬಿಟ್ಟಿತೆಂದು ದುಡಿಮೆ ಬಿಟ್ಟು ಕುಳಿತವರನ್ನು ಪೌಲನು ಗದರಿಸಿದ್ದಾಗಿ ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರವನ್ನು ಕ್ರೈಸ್ತರು ಬಹುಕಾಲದಿಂದ ಓದುತ್ತ ಬಂದಿದ್ದಾರೆ.

ವೇಳಾಪಟ್ಟಿಯನ್ನು ತೆಗೆದುಬಿಟ್ಟರೆ ಪ್ರವಾದನೆಯಲ್ಲಿ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಉಳಿಯುವುದೇ ಹೆಚ್ಚು. ಪ್ರಕಟಣೆ ಗ್ರಂಥವನ್ನು ಬರೆದದ್ದು ರೋಮ್ ಚಕ್ರಾಧಿಪತ್ಯದ ನೆರಳಿನಲ್ಲಿ ಬದುಕುತ್ತಿದ್ದ ಏಷ್ಯ ಪ್ರಾಂತದ ಏಳು ಸಭೆಗಳಿಗೆ. ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುವ ರೋಮಾಪುರದವರ ಪತ್ರದ 13ನೆಯ ಅಧ್ಯಾಯವೂ, ಅಧಿಕಾರವೇ ಆರಾಧನೆ ಬೇಡುವ ಮೃಗವಾಗಬಲ್ಲದೆನ್ನುವ ಪ್ರಕಟಣೆಯ 13ನೆಯ ಅಧ್ಯಾಯವೂ ಒಂದೇ ಬೈಬಲಿನಲ್ಲಿವೆ. ಒಂದನ್ನು ಮರೆತು ಇನ್ನೊಂದನ್ನು ಹಿಡಿದವರು ಎಡವಿದ್ದಾರೆ. ಅದೇ ಗ್ರಂಥದ 18ನೆಯ ಅಧ್ಯಾಯ ಬಾಬೆಲಿನ ವರ್ತಕರ ಸರಕನ್ನು ಪಟ್ಟಿ ಮಾಡುತ್ತದೆ: ಚಿನ್ನ, ಬೆಳ್ಳಿ, ರೇಷ್ಮೆ, ದಂತ, ಗೋಧಿ, ದನ, ಕುರಿ, ಕುದುರೆ, ಕೊನೆಗೆ ಮನುಷ್ಯಜೀವಗಳು. ಮನುಷ್ಯನನ್ನು ಸರಕಿನ ಪಟ್ಟಿಗೆ ಸೇರಿಸುವ ಯಾವ ಆಳ್ವಿಕೆಯೂ ನಿಲ್ಲದೆಂಬ ಈ ತೀರ್ಪಿಗೆ ತಾರೀಖಿನ ಅಗತ್ಯವಿಲ್ಲ. ಯಾವುದೇ ಪಕ್ಷ, ಯಾವುದೇ ನಾಯಕ ತನ್ನನ್ನು ದೇವರ ಯೋಜನೆಯ ಅನಿವಾರ್ಯ ಸಾಧನವೆಂದು ತೋರಿಸಿಕೊಂಡಾಗ ಸುವಾರ್ತಾ ಕ್ರೈಸ್ತನು ಮೊದಲು ತೆರೆಯಬೇಕಾದದ್ದು ಈ ಪುಟಗಳನ್ನು.

ಅಂತ್ಯದ ನಿರೀಕ್ಷೆ ಲೋಕದ ಕೆಲಸವನ್ನು ಕುಂದಿಸಲೇಬೇಕಿಲ್ಲ ಎಂಬುದಕ್ಕೆ ಕರ್ನಾಟಕದ ಕರಾವಳಿಯೇ ಸಾಕ್ಷಿ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬೈಬಲ್ ವಿದ್ವಾಂಸ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752) ಸಾವಿರ ವರ್ಷಗಳ ಆಳಿಕೆ 1836ರಲ್ಲಿ ಆರಂಭವಾಗುವುದೆಂದು ಲೆಕ್ಕ ಹಾಕಿದ್ದರು. ಅಲ್ಲಿನ ಭಕ್ತ ಕುಟುಂಬಗಳಲ್ಲಿ ಆ ನಿರೀಕ್ಷೆ ಎಷ್ಟು ಗಾಢವಾಗಿತ್ತೆಂದರೆ 1817ರ ಸುಮಾರಿಗೆ ಸಾವಿರಾರು ಮಂದಿ ಮನೆಮಠ ಮಾರಿ ದಕ್ಷಿಣ ರಷ್ಯದ ಕಡೆಗೆ ಹೊರಟರು. ಬಾಸೆಲ್ ಮಿಷನ್ನಿಗೆ ಬಹಳಷ್ಟು ಕೆಲಸಗಾರರನ್ನು ಕೊಟ್ಟದ್ದು ಇದೇ ಪ್ರಾಂತ. ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆಯಿತು. ಬೆಂಗೆಲ್ ಗುರುತಿಸಿದ್ದ 1836ನೆಯ ವರ್ಷದಲ್ಲೇ ಭಾರತಕ್ಕೆ ಬಂದ ವುರ್ಟೆಂಬರ್ಗಿನ ಹರ್ಮನ್ ಮೋಗ್ಲಿಂಗ್, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು.