ಕ್ರೀಡಾಸಂಘಗಳ ನೋಂದಾವಣೆ: ೧೮೬೦ರ ಶಾಸನ ಮತ್ತು ಅನಂತರ

ಕ್ರೀಡಾಸಂಘಗಳ ಚರಿತ್ರೆಯೆಂದರೆ ಪಂದ್ಯಗಳ ಮತ್ತು ಪಟುಗಳ ಚರಿತ್ರೆಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಸಂಘದ ಆಯುಸ್ಸು ಆಟಗಾರರ ಭುಜಬಲಕ್ಕಿಂತ ಅದರ ಕಾಗದಪತ್ರಗಳನ್ನೇ ಹೆಚ್ಚಾಗಿ ಅವಲಂಬಿಸಿರುವುದುಂಟು. ನಮ್ಮ ಗರಡಿಗಳು ಉಸ್ತಾದರ ಹೆಸರಿನಿಂದಲೂ ದಾನಿಗಳ ಔದಾರ್ಯದಿಂದಲೂ ನಡೆದವು. ನೋಂದಾಯಿಸದ ಕೂಟವು ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯಲ್ಲ. ಆದ್ದರಿಂದ ಅದರ ಬಯಲು ಯಾರಾದರೊಬ್ಬರ ಹೆಸರಿನಲ್ಲಿರಬೇಕಾಗುತ್ತದೆ. ಆ ಹಿರಿಯರು ಕಾಲವಾದಾಗ, ಮಣ್ಣು ಹದಮಾಡಿದವರು ಒಂದು ಕಡೆ, ವಾರಸುದಾರರು ಇನ್ನೊಂದು ಕಡೆ.

ಈ ತೊಡಕಿಗೆ ಪರಿಹಾರವು ೧೮೬೦ರ ೨೧ನೆಯ ಶಾಸನದಲ್ಲಿ ದೊರೆಯಿತು. ಏಳು ಮಂದಿ ಸೇರಿ, ಸಂಘದ ಹೆಸರು, ಉದ್ದೇಶ ಮತ್ತು ಆಡಳಿತ ಮಂಡಲಿಯನ್ನು ತಿಳಿಸುವ ಪತ್ರಕ್ಕೆ ಸಹಿ ಮಾಡಿ, ನಿಯಮಾವಳಿಯೊಡನೆ ಸಲ್ಲಿಸಿದರೆ ಸಾಕಾಗಿತ್ತು. ಶುಲ್ಕ ೫೦ ರೂಪಾಯಿ. ಅಂದಿನ ದಿನಗಳಲ್ಲಿ ಅದು ಅಲ್ಪ ಮೊತ್ತವೇನೂ ಅಲ್ಲ. ಪ್ರತಿಯಾಗಿ ಸಂಘದ ಆಸ್ತಿಯು ಧರ್ಮದರ್ಶಿಗಳಲ್ಲಿ, ಇಲ್ಲವೆ ಆಡಳಿತ ಮಂಡಲಿಯಲ್ಲಿ ನೆಲೆಗೊಂಡಿತು. ಸಂಘದ ಮೇಲಿನ ತೀರ್ಪು ಪದಾಧಿಕಾರಿಗಳ ಸ್ವಂತ ಸೊತ್ತನ್ನು ಮುಟ್ಟದಾಯಿತು. ಎಲ್ಲಕ್ಕಿಂತ ಮಿಗಿಲಾದುವು ೧೩ ಮತ್ತು ೧೪ನೆಯ ವಿಧಿಗಳು. ಸಂಘವನ್ನು ವಿಸರ್ಜಿಸಬೇಕಾದರೆ ಸದಸ್ಯರಲ್ಲಿ ಐದರಲ್ಲಿ ಮೂರು ಪಾಲಾದರೂ ಒಪ್ಪಬೇಕು. ಸಾಲ ತೀರಿಸಿ ಉಳಿದುದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಮತ್ತೊಂದು ಸಂಘಕ್ಕೆ ಸೇರಬೇಕು. ಲಾಭೋದ್ದೇಶವಿಲ್ಲದ ಸಂಸ್ಥೆ ಎಂಬ ಕಲ್ಪನೆಯ ತಿರುಳು ಇಲ್ಲಿದೆ ಎಂದು ನಮ್ಮ ಅಭಿಪ್ರಾಯ.

ಆದರೆ ಈ ಬಾಗಿಲು ಕ್ರೀಡೆಗೆ ನೇರವಾಗಿ ತೆರೆದಿರಲಿಲ್ಲವೆಂಬುದು ವಿಚಾರಾರ್ಹ. ಶಾಸನದ ೨೦ನೆಯ ವಿಧಿಯು ಧರ್ಮಕಾರ್ಯ, ವಿಜ್ಞಾನ, ಸಾಹಿತ್ಯ, ಲಲಿತಕಲೆ, ಬೋಧನೆ, ಪುಸ್ತಕ ಭಂಡಾರ ಮುಂತಾದುವನ್ನು ಎಣಿಸುತ್ತದೆ. ಪ್ರಾಣಿ, ಸಸ್ಯಗಳ ಸಂಗ್ರಹಕ್ಕೂ ಅಲ್ಲಿ ಸ್ಥಾನವುಂಟು. ಒಣಗಿಸಿಟ್ಟ ಹಕ್ಕಿಗೆ ದೊರೆತ ಮಾನ್ಯತೆ ಓಡುವ ಬಾಲಕನಿಗೆ ದೊರೆಯಲಿಲ್ಲ! ಇಂಗ್ಲೆಂಡಿನ ನ್ಯಾಯಭಾವನೆಯೂ ಇದೇ ಬಗೆಯದು. ದೋಣಿ ಪಂದ್ಯದ ಬಹುಮಾನಕ್ಕಾಗಿ ಬಿಟ್ಟ ನಿಧಿಯು ಧರ್ಮಾರ್ಥವಲ್ಲವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವು ನಾಟೇಜ್ ಮೊಕದ್ದಮೆಯಲ್ಲಿ ೧೮೯೫ರಲ್ಲಿ ತೀರ್ಮಾನಿಸಿತು. ಹವ್ಯಾಸಿ ಕ್ರೀಡೆಯ ಅಭಿವೃದ್ಧಿಯನ್ನು ಶಾಸನವೇ ಧರ್ಮಕಾರ್ಯವೆಂದು ಹೆಸರಿಸಿದುದು ೨೦೦೬ರಲ್ಲಿ. ಹೀಗಾಗಿ ನಮ್ಮಲ್ಲಿ ಸಂಘ ಕಟ್ಟಿದವರು ತಮ್ಮ ಉದ್ದೇಶಪತ್ರದಲ್ಲಿ ಆಟವನ್ನು ಬೋಧನೆಯ ಅಥವಾ ಧರ್ಮದ ಅಂಗವೆಂದು ನಿರೂಪಿಸಬೇಕಾಗುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ ೧೯೦೪ರಲ್ಲಿ ಪ್ರತ್ಯೇಕ ಶಾಸನವಾಯಿತು; ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ೧೯೬೦ರ ಶಾಸನವು ಇಡೀ ರಾಜ್ಯಕ್ಕೆ ಏಕರೂಪವನ್ನು ತಂದಿತು. ನೆರೆಯ ತಮಿಳುನಾಡಿನ ೧೯೭೫ರ ಶಾಸನವಂತೂ ಅಂಗಸಾಧನೆಯನ್ನೂ ಕ್ರೀಡೆಯನ್ನೂ ಸ್ಪಷ್ಟವಾಗಿಯೇ ಹೆಸರಿಸುತ್ತದೆ. ೧೯೨೮ರಲ್ಲಿ ಸ್ಥಾಪಿತವಾದ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಲಿಯೂ ಈ ಶಾಸನದ ಅಡಿಯ ಒಂದು ಸಂಘವೇ ಹೊರತು ಸರ್ಕಾರದ ಇಲಾಖೆಯಲ್ಲ.

ಊರಿನ ತರುಣರಿಗೆ ನೆರವಾಗಬಯಸುವವರು ಅರ್ಜಿ ತುಂಬಿಸುವುದರಲ್ಲೇ ತೃಪ್ತರಾಗುವುದು ತರವಲ್ಲ. ಆಡಳಿತ ಮಂಡಲಿಯ ಪಟ್ಟಿಯನ್ನು ವರ್ಷಂಪ್ರತಿ ಸಲ್ಲಿಸಬೇಕೆಂಬ ನಿಯಮ ೧೮೬೦ರಿಂದಲೂ ಇದೆ. ಈ ಪಟ್ಟಿ ನಿಂತುಹೋದೆಡೆ, ಕಾರ್ಯದರ್ಶಿ ತಾನೆಂದು ಇಬ್ಬರು ವಾದಿಸತೊಡಗಿದರೆ ಬಯಲಿನ ಬಾಗಿಲಿಗೆ ಬೀಗ ಬೀಳುತ್ತದೆ.