ಬಣ್ಣ ನೋಡಿ ಪೆಟ್ರೋಲ್ ನಂಬಬೇಡಿ

1/7
ಮೊದಲನೇ ಫೋಟೋ: ದೇವನೂರಿನ ನಮ್ಮನೆ ಕೊಟ್ಟಿಗೇಲಿ ನಿಂತಿರೋ ತಾತನ ಯಜ್ಡಿ. ರಜೇಲಿ ಹೇಗಾದ್ರೂ ಸ್ಟಾರ್ಟ್ ಮಾಡೋಣ ಅಂತ ಪೆಟ್ರೋಲ್ ತಂದೆ. ಟ್ಯಾಂಕ್ ಮುಚ್ಚಳ ತೆಗೀತಿದ್ದಂಗೇ ತಾತ ಕೈ ಹಿಡಿದ್ರು. "ಬರೀ ಪೆಟ್ರೋಲ್ ಹಾಕ್‌ಬ್ಯಾಡ ಕನಪ್ಪ, ಇಂಜಿನ್ ಹಿಡ್ಕತದ." ಯಾಕೆ ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದು ಒಂದು ದೊಡ್ಡ ಕಥೆ. ಸ್ವೈಪ್ ಮಾಡಿ.

2/7
ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರ್. ಮೊದಲು ಜಾವಾ, 1973ರಿಂದ ಯಜ್ಡಿ ಅನ್ನೋ ಹೆಸರು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಇದು ಟೂ ಸ್ಟ್ರೋಕ್ ಇಂಜಿನ್. ಒಳಗಿನ ಭಾಗಗಳಿಗೆ ಎಣ್ಣೆ ಹೋಗೋದೇ ಪೆಟ್ರೋಲ್ ಜೊತೆ. ಅದಕ್ಕೇ ಬಂಕಲ್ಲಿ ಅಳತೆ ಮಾಡಿ 2ಟಿ ಆಯಿಲ್ ಬೆರೆಸಿಸ್ಕೊಳ್ತಿದ್ರು. ತಾತ ಹೇಳಿದ್ದು ಸರಿ.

3/7
ಆಗಿನ ಪೆಟ್ರೋಲಲ್ಲಿ ಇನ್ನೊಂದು ವಸ್ತು ಇತ್ತು, ಅದು ಸೀಸ. ಇಂಜಿನ್ ಒಳಗೆ ಪೆಟ್ರೋಲ್ ತನ್ನಷ್ಟಕ್ಕೆ ತಾನೇ ಹೊತ್ತಿಕೊಂಡ್ರೆ ಟಕ್ ಟಕ್ ಅಂತ ಬಡಿಯುತ್ತೆ, ಪಿಸ್ಟನ್ ಹಾಳಾಗುತ್ತೆ. ಹಾಗೆ ಹೊತ್ತಿಕೊಳ್ಳದೆ ತಡ್ಕೊಳ್ಳೋ ಗುಣದ ಅಳತೆಯೇ ಆಕ್ಟೇನ್. ಆಕ್ಟೇನ್ ಜಾಸ್ತಿ ಅಂದ್ರೆ ಪವರ್ ಜಾಸ್ತಿ ಅಂತ ಅಲ್ಲ, ಇದು ನೆನಪಿರಲಿ. ಸೀಸ ಬೆರೆಸಿದ್ರೆ ಈ ಬಡಿತ ನಿಲ್ಲುತ್ತೆ ಅಂತ 1921ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಗ್ಲಿ ಕಂಡುಹಿಡಿದ್ರು. ಅಗ್ಗದ ಉಪಾಯ, ಪ್ರಪಂಚ ಪೂರ್ತಿ ಹರಡ್ತು.

4/7
ಆ ಸೀಸ ಹೊಗೆಯಲ್ಲಿ ಹೊರಗೆ ಬಂದು ಮಕ್ಕಳ ಮೆದುಳಿಗೆ ಪೆಟ್ಟು ಕೊಡ್ತಿತ್ತು. ಜಾರ್ಜ್ ಫೌಂಡೇಶನ್ ನಮ್ಮ ದೇಶದ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಮಿತಿ ಮೀರಿತ್ತು. 1999ರ ಫೆಬ್ರವರಿಯಲ್ಲಿ ಇದರ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಲ್ಲೇ. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂದಿತ್ತು. ಇಡೀ ದೇಶಕ್ಕೆ ಬಂದದ್ದು 2000ದ ಫೆಬ್ರವರಿಯಲ್ಲಿ. ನಮ್ಮ ಅಪ್ಪ ಅಮ್ಮಂದಿರು ಬೆಳೆದದ್ದು ಆ ಹೊಗೆಯಲ್ಲೇ.

5/7
ಸೀಸ ಹೋಯ್ತು, ಕಲಬೆರಕೆ ಹೋಗಲಿಲ್ಲ. ಇದು ನಮ್ಮ ಬಿಕಾಂ ಲೆಕ್ಕ, ನೋಡಿ. 2005ರ ಹೊತ್ತಿಗೆ ರೇಷನ್ ಸೀಮೆಎಣ್ಣೆ ಲೀಟರಿಗೆ ಸುಮಾರು 9 ರೂಪಾಯಿ, ಪೆಟ್ರೋಲ್ 40 ದಾಟಿತ್ತು. 100 ಲೀಟರಲ್ಲಿ 10 ಲೀಟರ್ ಸೀಮೆಎಣ್ಣೆ ಸೇರಿಸಿದ್ರೆ 300 ರೂಪಾಯಿಗೂ ಹೆಚ್ಚು ಕಳ್ಳಲಾಭ. ಬಡವರ ಮನೆ ಒಲೆಗೆ ಅಂತ ಸರ್ಕಾರ ಸಬ್ಸಿಡಿ ಕೊಟ್ಟಿದ್ದ ಎಣ್ಣೆ ಬೇರೆಯವರ ಟ್ಯಾಂಕಿಗೆ ಹೋಗ್ತಿತ್ತು. ಸೀಮೆಎಣ್ಣೆ ಆಕ್ಟೇನ್ ತೀರಾ ಕಮ್ಮಿ, ಹಾಗಾಗಿ ಮತ್ತೆ ಅದೇ ಟಕ್ ಟಕ್, ಜೊತೆಗೆ ಮಸಿ.

6/7
ಈ ಹೆಸರು ಮಾತ್ರ ಮರೀಬೇಡಿ: ಎಸ್. ಮಂಜುನಾಥ್. ಕೋಲಾರ ಜಿಲ್ಲೆಯವರು, ಕೆಜಿಎಫ್‌ನಲ್ಲಿ ಓದಿದವರು. ಇಂಜಿನಿಯರಿಂಗ್ ಮಾಡಿದ್ದು ನಮ್ಮ ಮೈಸೂರಿನ ಎಸ್‌ಜೆಸಿಇಯಲ್ಲಿ, ಆಮೇಲೆ ಲಕ್ನೋ ಐಐಎಂ. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದ್ರು. ಕಲಬೆರಕೆ ಮಾಡ್ತಿದ್ದ ಬಂಕಿಗೆ ಸೀಲ್ ಹಾಕಿಸಿದ್ರು. 2005ರ ನವೆಂಬರ್ 19ರಂದು ಅವರನ್ನ ಗುಂಡಿಕ್ಕಿ ಕೊಂದ್ರು. ಅವರ ವಯಸ್ಸು 27. ನನಗೀಗ 20. ಸುಪ್ರೀಂ ಕೋರ್ಟ್ 2015ರಲ್ಲಿ ಅಪರಾಧಿಗಳ ಜೀವಾವಧಿ ಶಿಕ್ಷೆ ಎತ್ತಿಹಿಡೀತು. ಮೈಸೂರಲ್ಲಿ ಆ ಕಾಲೇಜಿನ ಗೇಟ್ ಮುಂದೆ ಎಷ್ಟೋ ಸಲ ಹೋಗಿದ್ದೀನಿ, ಈ ವಿಷಯ ಯಾರೂ ಹೇಳಿರಲಿಲ್ಲ.

7/7
ಈಗ ನಮ್ಮ ಸರದಿ. 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು ಬೆಂಗಳೂರಲ್ಲಿ, 2023ರ ಫೆಬ್ರವರಿ 6ರಂದು. ನಮ್ಮೂರ ಕಡೆ ಬೆಳೆಯೋ ಕಬ್ಬಿನಿಂದಲೂ ಎಥನಾಲ್ ಆಗುತ್ತೆ, ರೈತರಿಗೆ ಒಳ್ಳೇದು. ಅದರ ಆಕ್ಟೇನೂ ಜಾಸ್ತಿ. ಆದ್ರೆ ಲೀಟರಿಗೆ ಸಿಗೋ ಶಕ್ತಿ ಕಮ್ಮಿ, ಮೈಲೇಜ್ ಸ್ವಲ್ಪ ಇಳಿಯುತ್ತೆ. ನೀರನ್ನೂ ಎಳ್ಕೊಳ್ಳುತ್ತೆ. ಹಳೇ ಗಾಡಿ ಇದ್ರೆ ರಬ್ಬರ್ ಪೈಪು, ವಾಷರ್ ಚೆಕ್ ಮಾಡಿಸಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡಿ. ದುಬಾರಿ ಪ್ರೀಮಿಯಂ ಹಾಕಿಸೋ ಮೊದಲು ಗಾಡಿ ಮ್ಯಾನ್ಯುಯಲ್ ಏನು ಹೇಳುತ್ತೆ ನೋಡಿ.

ಅನುಮಾನ ಬಂದ್ರೆ ಬಂಕಲ್ಲಿ ಫಿಲ್ಟರ್ ಪೇಪರ್ ಟೆಸ್ಟ್ ಕೇಳಿ. ಕಾಗದದ ಮೇಲೆ ಒಂದು ಹನಿ ಬಿಟ್ರೆ ಒಳ್ಳೇ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತೆ. ಡೆನ್ಸಿಟಿ ನೋಡೋದು, 5 ಲೀಟರ್ ಅಳತೆ ಮಾಡಿಸೋದು, ಎರಡೂ ನಿಮ್ಮ ಹಕ್ಕು. ಕೇಳೋಕೆ ನಾಚಿಕೆ ಬೇಡ ಗುರು. ಇದನ್ನೇ ಕೇಳಿದ್ದಕ್ಕೆ ಒಬ್ಬರು ಪ್ರಾಣ ಕಳ್ಕೊಂಡಿದ್ದಾರೆ.

ಕೊನೇ ಫೋಟೋ: ಆಯಿಲ್ ಬೆರೆಸಿ, ಹೊಸ ಪೈಪ್ ಹಾಕಿ, ಏಳನೇ ಕಿಕ್ಕಿಗೆ ಯಜ್ಡಿ ಸ್ಟಾರ್ಟ್. ಹೊಗೆ ಮಧ್ಯೆ ನಗ್ತಿರೋರು ತಾತ. ನಿಮ್ಮನೇಲಿ ಯಾವ ಹಳೇ ಗಾಡಿ ಇದೆ? ಕಾಮೆಂಟ್ ಮಾಡಿ.

#ಯಜ್ಡಿ #ಮೈಸೂರು #ದೇವನೂರು #ಪೆಟ್ರೋಲ್‌ಕಥೆ