ಖಾಲಿ ಕಾಣೋ ಊರು

(ಭಾಗ 1)

1855ರಾಗ ತೆಗೆದ ಫೋಟೋ ನೋಡಿದ್ರ ನಮ್ಮ ಕಡೆ ಊರುಗಳು ಖಾಲಿ ಕಾಣ್ತಾವ. ಐಹೊಳೆ, ಪಟ್ಟದಕಲ್ಲು, ಬಾದಾಮಿ, ವಿಜಯಪುರ, ಎಲ್ಲಿ ನೋಡಿದರೂ ಗುಡಿ, ಗುಮ್ಮಟ, ಬಿದ್ದ ಗೋಡೆ, ಕಲ್ಲು. ಮನುಷ್ಯರು ಕಾಣುವುದೇ ಅಪರೂಪ. ಕಂಡರೂ ಒಬ್ಬಿಬ್ಬರು, ಅವರೂ ಕಲ್ಲಿನಂಗ ಕೂತಿರ್ತಾರ. ಲಂಡನ್‌ನಾಗ ಕೂತು ಈ ಫೋಟೋ ನೋಡಿದವರಿಗೆ ಇವೆಲ್ಲ ಹಾಳು ಬಿದ್ದ ಊರು ಅನ್ನಿಸಿದ್ರ ಆಶ್ಚರ್ಯ ಇಲ್ಲ.

ಊರು ಹಾಳು ಬಿದ್ದಿರಲಿಲ್ಲ. ಮಂದಿ ಇದ್ರು, ದನ ಇದ್ವು, ಒಲಿ ಉರೀತಿದ್ವು. ಕ್ಯಾಮೆರಾಕ್ಕ ಅವರು ಕಾಣ್ತಿರಲಿಲ್ಲ, ಅಷ್ಟ.

ಯಾಕಂತ ಹೇಳ್ತೀನಿ, ಆದ್ರ ಸ್ವಲ್ಪ ಉದ್ದ ಆಗ್ತದ. ಓದೋರು ಓದ್ರಿ, ಬರೇ ಫೋಟೋ ನೋಡೋರು ನೋಡ್ರಿ, ಸಿಟ್ಟಿಲ್ಲ.

(ಭಾಗ 2)

ಫೋಟೋ ತೆಗೆಯೋ ವಿದ್ಯೆ ಪ್ಯಾರಿಸ್ಸಿನಲ್ಲಿ ಬಹಿರಂಗ ಆದದ್ದು 1839ರಲ್ಲಿ. ಹದಿನೈದೇ ವರ್ಷದಾಗ, 1854ಕ್ಕ, ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರು ಆತು. ಆಗ ನಮ್ಮ ಧಾರವಾಡ, ಬೆಳಗಾವಿ ಸೀಮೆ ಎಲ್ಲಾ ಮುಂಬಯಿ ಪ್ರಾಂತಕ್ಕ ಸೇರಿತ್ತು. ಹಳೇ ಗುಡಿ, ಮಸೀದಿಗಳ ಚಿತ್ರ ಬರೆಸೋದಕ್ಕಿಂತ ಫೋಟೋ ತೆಗೆಸೋದು ಸೋವಿ ಅಂತ ಕಂಪನಿ ಸರ್ಕಾರಕ್ಕ ಹೊಳೀತು. 1855ರಲ್ಲಿ ಬಾಂಬೆ ಆರ್ಟಿಲರಿಯ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅನ್ನುವವನಿಗೆ ಈ ಕೆಲಸ ಕೊಟ್ಟರು. ಅವನು ವಿಜಯಪುರ, ಬಾದಾಮಿ, ಪಟ್ಟದಕಲ್ಲು, ಐಹೊಳೆ ತಿರುಗಿ ನೂರಕ್ಕೂ ಹೆಚ್ಚು ನೆಗೆಟಿವ್ ತೆಗೆದ. ವರ್ಷ ಮುಗಿಯೋದರೊಳಗ ಸೈನ್ಯಕ್ಕ ವಾಪಸ್ ಕರೆದರು. ಅವನ ಜಾಗಕ್ಕ ಬಂದವರು ಡಾಕ್ಟರ್ ವಿಲಿಯಂ ಹೆನ್ರಿ ಪಿಗೂ. ಅವರೂ 1858ರಲ್ಲಿ ತೀರಿಕೊಂಡರು.

ಆಗಿನ ನೆಗೆಟಿವ್ ಅಂದ್ರ ಕಾಗದ. ಕಾಗದಕ್ಕ ಬೆಳ್ಳಿಯ ಲವಣ ಬಳಿದು, ಕತ್ತಲಾಗ ಒಣಗಿಸಿ, ಕ್ಯಾಮೆರಾದಾಗ ಇಟ್ಟು, ಮುಚ್ಚಳ ತೆಗೆದು ಕಾಯಬೇಕು. ಸೆಕೆಂಡಲ್ಲ, ನಿಮಿಷಗಟ್ಟಲೆ. ಅಷ್ಟು ಹೊತ್ತು ಅಲುಗಾಡದ್ದು ಮಾತ್ರ ಕಾಗದದ ಮ್ಯಾಲ ಮೂಡ್ತಿತ್ತು. ಗುಡಿ ಅಲುಗಾಡಲ್ಲ, ಬೇವಿನ ಗಿಡದ ಬೊಡ್ಡಿ ಅಲುಗಾಡಲ್ಲ. ಕೊಡ ಹೊತ್ತು ಹೋಗೋ ಹೆಣ್ಣುಮಗಳು, ಆಡೋ ಹುಡುಗರು, ಬಾಲ ಬೀಸೋ ಎತ್ತು ಇವೆಲ್ಲ ಚೂರು ಮಬ್ಬಾಗಿ ಅಥವಾ ಪೂರಾ ಮಾಯ ಆಗಿ ಹೋಗ್ತಿದ್ವು. ಫೋಟೋದಾಗ ಸ್ಪಷ್ಟ ಕಾಣೋ ಮನುಷ್ಯ ಅಂದ್ರ ಹಂದಾಡಬ್ಯಾಡ ಅಂತ ಹೇಳಿ ಕೂಡ್ರಿಸಿದವ. ಗುಡಿ ಎಷ್ಟು ಎತ್ತರ ಐತಿ ಅಂತ ತೋರಸಾಕ ಅಳತೆಗೋಲು ಇಟ್ಟಂಗ.

(ಭಾಗ 3)

ಇದನ್ನ ನಾವು ಮಾಡಿ ನೋಡಿದಿವಿ. ನನ್ನ ಗೆಳತಿ ಕಡೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಐತಿ. ಐಹೊಳೆಯ ಗುಡಿ ಆವರಣದಾಗ ಟ್ರೈಪಾಡ್ ಇಡಾಕ ಪರವಾನಗಿ ಬೇಕು, ಹಂಗಾಗಿ ಹೊರಗ ಬಂದು ಓಣಿಯ ಕಟ್ಟೆ ಮ್ಯಾಲ ಕ್ಯಾಮೆರಾ ಇಟ್ಟು, ಹೊತ್ತು ಮುಳುಗಿದ ಮ್ಯಾಲ, 30 ಸೆಕೆಂಡಿನ ಶಟರ್ ಹಾಕಿದಳು. ಓಣಿಯಾಗ ಆಗ ಎಷ್ಟು ಗದ್ದಲ! ಎರಡು ಬೈಕ್, ಮೇದು ಬರೋ ಆಡು, ಕ್ರಿಕೆಟ್ ಆಡೋ ಹುಡುಗರು.

ಮೂರನೇ ಫೋಟೋ ಅದ. ಹುಡುಗರು ಇಲ್ಲ. ಆಡು ಇಲ್ಲ. ಬೈಕ್ ಇಲ್ಲ, ಅವುಗಳ ಹೆಡ್‌ಲೈಟಿನ ಗೆರೆ ಮಾತ್ರ ಐತಿ. ಉಳಿದದ್ದು ಗ್ವಾಡಿ, ಕಟ್ಟಿ ಹಾಕಿದ ಎಮ್ಮೆ (ತಲಿ ಮಾತ್ರ ಮಬ್ಬು), ಮತ್ತ ಎದುರಿನ ಮನಿ ಬಾಗಲದಾಗ ಕೂತಿದ್ದ ಒಬ್ಬ ಅಜ್ಜಿ. ಅಜ್ಜಿ ಎಷ್ಟು ಚಂದ ಮೂಡ್ಯಾರ ಅಂದ್ರ ಕೈಬಳಿ ಎಣಿಸಬಹುದು. ಆ ಫೋಟೋ ಪೋಸ್ಟ್‌ನಾಗ ಅರ್ಧಕ್ಕ ಕತ್ತರಿಸಿ ಹಾಕೀನಿ, ಅಜ್ಜಿ ಕಡೆಯ ಅರ್ಧ ಇಲ್ಲ. ಯಾಕಂತ ಕೊನೆಗೆ ಹೇಳ್ತೀನಿ.

(ಭಾಗ 4)

ಐಹೊಳೆಗೆ ನಾನು ಎರಡು ಸಲ ಹೋಗೀನಿ. ಮೊದಲ ಸಲ ಒಬ್ಬಾಕಿನ. ಕಟಕೋಳದಿಂದ ರಾಮದುರ್ಗ, ಅಲ್ಲಿಂದ ಬಾದಾಮಿ, ಬಾದಾಮಿಯಿಂದ ಪಟ್ಟದಕಲ್ಲು ಮ್ಯಾಲೆ ಐಹೊಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮ್ಯಾಲ ಹುಡುಗಿಯರಿಗೆ ಬಸ್ ಖರ್ಚಿನ ಪ್ರಶ್ನೆ ಇಲ್ಲ, ಆಧಾರ್ ಕಾರ್ಡ್ ತೋರಿಸಿದ್ರ ಸೊನ್ನೆ ಟಿಕೆಟ್. ನಮ್ಮ ಮನ್ಯಾಗ ಉಳಿದ ಪ್ರಶ್ನೆ ಒಂದೇ: "ಸಂಗಾಟ ಯಾರು?" ಯಾರೂ ಇಲ್ಲ ಅನ್ನೋದನ್ನ ಒಪ್ಪಿಸಾಕ ಎರಡು ವಾರ ಹಿಡೀತು. ಉಡುತಡಿಯಿಂದ ಕಲ್ಯಾಣಕ್ಕ, ಅಲ್ಲಿಂದ ಶ್ರೀಶೈಲಕ್ಕ ನಡೆದ ಅಕ್ಕಮಹಾದೇವಿ ಹೆಸರು ನಮ್ಮವ್ವ ದಿನಾ ಹೇಳ್ತಾಳ. ನಾನು ಅದನ್ನೇ ಎತ್ತಿ ಹೇಳಿದ್ರ, "ಆಕಿ ಕಾಲ ಬ್ಯಾರೆ" ಅಂದ್ಲು. ಎಂಟುನೂರು ವರ್ಷದ ಹಿಂದಿನ ಕಾಲ ಇವತ್ತಿಗಿಂತ ಸುರಕ್ಷಿತ ಇತ್ತೇನ ಬೇ ಅಂತ ಕೇಳಿದೆ. ಉತ್ತರ ಬರಲಿಲ್ಲ, ಬುತ್ತಿ ಬಂತು.

ಒಬ್ಬಾಕೆ ಹೋದಾಗ ಒಂದು ಗಮನಿಸಿದೆ. ಎಲ್ಲರೂ ಮಾತಾಡಸ್ತಾರ. "ಒಬ್ಬಾಕಿನ ಬಂದೀಯೇನ ಯವ್ವಾ? ಯಾವೂರು?" ಚಾ ಕೊಡ್ತಾರ, ಊರಿನ ಕತಿ ಹೇಳ್ತಾರ. ಗೆಳತಿ ಜೋಡಿ ಹೋದಾಗ ಯಾರೂ ಮಾತಾಡಿಸಲಿಲ್ಲ, ನಾವು ನಾವೇ ಮಾತಾಡ್ಕೊಂತ ಇದ್ವಿ. ಆದ್ರ ಫೋಟೋ ಚಲೋ ಬಂದ್ವು. ಮೊದಲ ಸಲದ ನನ್ನ ಫೋನಿನ ಫೋಟೋಗಳಾಗ ಬರೇ ಗುಡಿ ಅದಾವ, ಆದ್ರ ನೋಟ್‌ಬುಕ್ ತುಂಬ ಮಂದಿ ಅದಾರ. ಎರಡನೇ ಸಲ ತಿರುಗಾಮುರುಗಾ.

ಬಿಗ್ಸ್ ಒಬ್ಬನೇ ತಿರುಗಿದ ಅಂತ ನಾನು ಬರೆದದ್ದು ಪುಸ್ತಕದಾಗ ಬರೆಯೋ ರೀತಿ. ಕ್ಯಾಮೆರಾ, ಡೇರೆ, ಕೆಮಿಕಲ್ ಪೆಟ್ಟಿಗೆ ಹೊರೋ ಆಳು, ನೀರು ತರೋರು, ಬಂಡಿ ಹೊಡೆಯೋರು, ದಾರಿ ತೋರಸೋರು ಇಲ್ಲದ ಆ ಕೆಲಸ ಆಗ್ತಿರಲಿಲ್ಲ. ಫೋಟೋದ ಕೆಳಗ ಹೆಸರು ಒಂದೇ.

(ಭಾಗ 5)

ಆ ಫೋಟೋಗಳು ದೊಡ್ಡ ಪುಸ್ತಕ ಆಗಿ ಲಂಡನ್‌ನಾಗ ಬಂದದ್ದು 1866ರಲ್ಲಿ. ಒಂದು ವಿಜಯಪುರದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯದು. ಧಾರವಾಡದ ಪುಸ್ತಕಕ್ಕ ದುಡ್ಡು ಕೊಟ್ಟವರು ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ ರಾಯಚಂದ, ಮುಂದ ತಾಯಿ ಹೆಸರಿನ ರಾಜಾಬಾಯಿ ಗೋಪುರಕ್ಕ ದುಡ್ಡು ಕೊಟ್ಟವರೂ ಇವರೇ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ಆಗಿ ಅಲ್ಲಿನ ಹತ್ತಿ ನಿಂತಾಗ ಮುಂಬಯಿ ವ್ಯಾಪಾರಿಗಳಿಗೆ ಬಂಗಾರದ ಕಾಲ ಬಂತು. ಧಾರವಾಡ ಸೀಮೆಯ ಎರೆಹೊಲದ ಹತ್ತಿಗೂ ಬೆಲೆ ಏರಿತು. ಅಂದ್ರ ಆ ಪುಸ್ತಕದೊಳಗ ನಮ್ಮ ಹೊಲದ ಹತ್ತಿಯ ಪಾಲೂ ಸ್ವಲ್ಪ ಇರಬೇಕು. ಹತ್ತಿ ಬಿಡಿಸಿದವರು ಮಾತ್ರ ಅದರಾಗ ಇಲ್ಲ.

ಬರಹ ಬರೆದವರು ಇಬ್ಬರು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್. ಅದರಾಗ ಐಹೊಳೆ "ಐವಳ್ಳಿ" ಆಗೇತಿ. ಫರ್ಗ್ಯುಸನ್ ಭಾರತ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಫೋಟೋ ನೋಡಿಕೊಂತ, ದುರ್ಗದ ಗುಡಿಯ ಹಿಂಭಾಗ ಬೌದ್ಧರ ಚೈತ್ಯದಂಗ ದುಂಡಗ ಐತಿ ಅಂತ ಗುರುತಿಸಿದ. ಅದು ಖರೇನ ಜಾಣತನ. ಆದ್ರ ಆ ಗುಡಿಗೆ ದುರ್ಗಾದೇವಿಯಿಂದ ಹೆಸರು ಬಂದಿಲ್ಲ ಅಂತ ನಿಮಗ ಗೊತ್ತದ ಏನು? ದುರ್ಗ ಅಂದ್ರ ಕೋಟೆ. ಒಂದು ಕಾಲಕ್ಕ ಗುಡಿಯ ಮಾಳಿಗಿ ಮ್ಯಾಲ ಕಲ್ಲು ಒಟ್ಟಿ ಕಾವಲಿನ ಜಾಗ ಮಾಡಿದ್ರು. ಕೋಟೆ ಹೋತು, ಹೆಸರು ಉಳೀತು.

ಫೋಟೋ ತೆಗೆದದ್ದಕ್ಕೂ ಪುಸ್ತಕ ಬಂದದ್ದಕ್ಕೂ ನಡುವೆ ಹನ್ನೊಂದು ವರ್ಷ. ಆ ನಡುವಿನಲ್ಲೇ, 1858ರ ಮೇ 29ರ ರಾತ್ರಿ, ನಮ್ಮ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್ ತಿಂಗಳಾಗ ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಅದೇ ವರ್ಷ ಸುರಪುರದ ವೆಂಕಟಪ್ಪ ನಾಯಕರೂ ತೀರಿಕೊಂಡರು. ಅವರನ್ನ ಬಾಲಕ ಇದ್ದಾಗಿಂದ ನೋಡಿಕೊಂಡವನು ಇದೇ ಮೆಡೋಸ್ ಟೇಲರ್. ಗುಡಿಯ ಫೋಟೋಗಳಾಗ ಇಷ್ಟೆಲ್ಲಾ ಗದ್ದಲದ ಸುಳಿವೂ ಇಲ್ಲ.

(ಭಾಗ 6)

ಹಂಪಿ ಬಿಟ್ಟು ಮಾತು ಮುಗಿಸಾಕ ಆಗಲ್ಲ. 1856ರಲ್ಲಿ ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ನಾಗ ಹಿಡಿದ. ಅವನ ಫೋಟೋದಾಗ ವಿಠ್ಠಲ ಗುಡಿಯ ಕಲ್ಲಿನ ರಥದ ಮ್ಯಾಲ ಇಟ್ಟಂಗಿಯ ಗೋಪುರ ಐತಿ! ಈಗ ಇಲ್ಲ. ನಿಮ್ಮ ಕಿಸೆದಾಗಿನ ಹೊಸ 50 ರೂಪಾಯಿ ನೋಟು ತಿರುವಿ ನೋಡ್ರಿ, ರಥದ ನೆತ್ತಿ ಬೋಳು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನ ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದ. 127 ವರ್ಷದ ಅಂತರದ ಜೋಡಿ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಕೂಡಿ ಫೋಟೋಗ್ರಫಿ ಮಾಡಿದಂಗ.

ನಮ್ಮ ಬ್ಯಾಚಿನವರು ಯಾರಾದ್ರೂ ಇದನ್ನ ಕಿತ್ತೂರು ಕೋಟೆಯಾಗ, ಹೂಲಿಯಾಗ, ಸೊಗಲದಾಗ ಮಾಡ್ರಪ್ಪಾ. ಮನ್ಯಾಗಿನ ಹಳೇ ಪ್ರವಾಸದ ಫೋಟೋ ಸಾಕು. ಅಪ್ಪ ನಿಂತಲ್ಲೇ ನಿಂತು ತೆಗೀರಿ.

(ಭಾಗ 7)

ಐಹೊಳೆಯ ಗುಡಿಗಳ ಹೆಸರು ಕೇಳ್ರಿ: ಲಾಡಖಾನ್ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯ ಮಠ, ಹುಚ್ಚಿಮಲ್ಲಿ ಗುಡಿ, ಚಿಕ್ಕಿ ಗುಡಿ. ಚಾಲುಕ್ಯರ ಕಾಲದ ಗುಡಿಗೆ ಲಾಡಖಾನ್ ಅಂತ ಹೆಸರು ಯಾಕ? ಆ ಹೆಸರಿನ ಮನುಷ್ಯ ಅದರಾಗ ವಾಸ ಇದ್ದ, ಅದಕ್ಕ. ಉಳಿದ ಹೆಸರುಗಳಾಗೂ ಬಹಳಷ್ಟು ಊರವರೇ ಅದಾರ. ಫೋಟೋದಾಗ ಮೂಡದ ಮಂದಿ ಹೆಸರಿನಾಗ ಮೂಡ್ಯಾರ.

ಗುಡಿ ಗ್ವಾಡಿಗೆ ಹತ್ತಿ ಮನಿ ಇದ್ವು. ಮುಂದ ಸ್ಮಾರಕ ಅಂತಾದ ಮ್ಯಾಲ ದುರ್ಗದ ಗುಡಿಯ ಸುತ್ತಿನ ಮನಿ ತೆಗೆದು, ಹುಲ್ಲು ಹಾಸಿ, ಬೇಲಿ ಹಾಕಿದರು. ಈಗಿನ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗ ಹೊಸ ಮನಿ ಕಟ್ಟೂಹಂಗಿಲ್ಲ, ಇದ್ದದ್ದನ್ನ ರಿಪೇರಿ ಮಾಡಾಕೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ನೂರಕ್ಕೂ ಹೆಚ್ಚು ಗುಡಿ ಇರೋ ಊರಾಗ ಈ ಗೆರೆಗಳನ್ನ ಹಾಕ್ಕೊಂತ ಹೋದ್ರ ಊರೇ ಗೆರೆಯೊಳಗ ಬರ್ತದ. ಊರನ್ನ ಬ್ಯಾರೆ ಕಡೆ ಸಾಗಸೋ ಮಾತು ವರ್ಷಗಟ್ಟಲೆ ನಡದೇತಿ.

ಗುಡಿ ಉಳೀಬೇಕು, ಅದರಾಗ ನನಗ ಎರಡು ಮಾತಿಲ್ಲ. ಮನಿ ಒತ್ತಿ ಒತ್ತಿ ಕೆತ್ತನೆ ಹಾಳಾದದ್ದೂ ಖರೆ. ಆದ್ರ ನಮಗ ಮಲಪ್ರಭೆ ದಂಡೆಯ ಮಂದಿಗೆ ಊರು ಎತ್ತೋದು ಅಂದ್ರ ಏನಂತ ಗೊತ್ತದ. ನವಿಲುತೀರ್ಥದ ಆಣೆಕಟ್ಟಿನ ನೀರಿಗೆ ಊರು ಬಿಟ್ಟವರು ನಮ್ಮ ಸುತ್ತಮುತ್ತನ ಅದಾರ. 2019ರ ಆಗಸ್ಟ್‌ನಾಗ ಇದೇ ಹೊಳಿ ರಾಮದುರ್ಗದ ಕಡೆ ಮನಿ ನುಂಗಿತು, ಕೆಳಗ ಪಟ್ಟದಕಲ್ಲಿನ ಗುಡಿಯೊಳಗೂ ಹೊಕ್ಕಿತು. ಆಗ ಟಿವಿಯಾಗ ಪಟ್ಟದಕಲ್ಲಿನ ಗುಡಿ ಬಹಳ ಸಲ ಬಂತು.

(ಭಾಗ 8)

ಅಜ್ಜಿ ಬಗ್ಗೆ. ಮೊದಲ ಸಲ ಹೋದಾಗ ಚಾ ಕೊಟ್ಟವರು ಅವರೇ. ಎರಡನೇ ಸಲ ಗೆಳತಿ ಜೋಡಿ ಹೋದಾಗ ದೂರದಿಂದ ಗುರುತು ಹಿಡಿದು, "ಈ ಸಲ ಸಂಗಾಟ ತಂದೀ" ಅಂದ್ರು. ನಮ್ಮ ಅತ್ತಿ ಕಾಲದಾಗ ಗುಡಿ ಕಂಬಕ್ಕ ದನ ಕಟ್ತಿದ್ರು, ಈಗ ನಮ್ಮ ಮನಿ ತೊಲಿ ಬದಲಿ ಮಾಡಾಕ ಅರ್ಜಿ ಹಿಡಕೊಂಡು ಓಡಾಡಬೇಕು ಅಂತ ನಕ್ಕರು. ನಕ್ಕದ್ದು ಹೌದು, ತೊಲಿಗೆ ಕೊಟ್ಟ ಆಸರ ಕಂಬ ನಾನು ನೋಡೀನಿ.

ಗೆಳತಿ ಕ್ಯಾಮೆರಾದ ಪರದೆ ಮ್ಯಾಲ ಆ 30 ಸೆಕೆಂಡಿನ ಫೋಟೋ ತೋರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿದರು. "ಹುಡುಗೂರು ಎಲ್ಲಿ ಹೋದ್ವು?" ಅಂತ ಕೇಳಿದ್ರು ಮೊದಲು. ಆಮ್ಯಾಲ, "ಇದನ್ನ ಆ ಫೋನಿನಾಗ ಹಾಕಬ್ಯಾಡ್ರವಾ, ನಾಲ್ಕು ಮಂದಿ ನೋಡ್ತಾರ. ಕಾಗದದ ಮ್ಯಾಲ ಒಂದು ಮಾಡಿಸಿ ಕೊಡ್ರಿ, ದೊಡ್ಡದು."

ಮುಂದಿನ ವಾರ ರಾಮದುರ್ಗದಾಗ ಪ್ರಿಂಟ್ ಹಾಕಸ್ತೀವಿ. ಕೊಡಾಕ ನಾನು ಒಬ್ಬಾಕಿನ ಹೋಗ್ತೀನಿ, ಗೆಳತಿಗೆ ಪರೀಕ್ಷೆ ಐತಿ.